ಚಿನ್ನದ ನವಿಲಿನ ರಟ್ಟು

ಚಿತ್ರಗಾರ ಸುಬ್ಬರಾಜು ತೀರಿಕೊಂಡ ಮೇಲೆ ಅವನ ರೇಖಾಚಿತ್ರಗಳ ಪುಸ್ತಕ ಪೆಟ್ಟಿಗೆ ಸೇರಿತು. ಮನೆಯವರು ವರ್ಷಕ್ಕೊಮ್ಮೆ ಸರಸ್ವತಿ ಪೂಜೆಗೆ ಅದನ್ನು ಹೊರತೆಗೆದು, ಚಿನ್ನದ ನವಿಲಿದ್ದ ಹೊರರಟ್ಟಿಗೆ ಕುಂಕುಮ ಹಚ್ಚಿ, ದಾರ ಬಿಚ್ಚದೆ ಮತ್ತೆ ಒಳಗಿಡುತ್ತಿದ್ದರು. ಮೊಮ್ಮಗನ ಕಾಲಕ್ಕೂ ಈ ಭಕ್ತಿ ಕಡಿಮೆಯಾಗಲಿಲ್ಲ.

ಒಂದು ವರ್ಷ ಗೆದ್ದಲು ಬಂತು. ರಟ್ಟಿನ ಅಂಟಿಗೆ ಹುಳ ತಡೆಯುವ ಮೈಲುತುತ್ತ ಬೆರೆಸಿದ್ದರಿಂದ ರಟ್ಟನ್ನು ಮೂಸಿ ಬಿಟ್ಟು, ಹಾಳೆಗಳಿಗೆ ಬಾಯಿ ಹಾಕಿತು.

“ಅಣ್ಣಾ, ನಾಳೆ ಪೂಜೆ,” ಎಂದವು ಹಾಳೆಗಳು ರಟ್ಟಿಗೆ. “ನಮ್ಮನ್ನು ಎತ್ತುವಾಗ ದಾರ ಸ್ವಲ್ಪ ಸಡಿಲಿಸು. ತೆರೆದುಕೊಂಡರೆ ಹುಳ ಕಾಣುತ್ತದೆ, ಬಿಸಿಲಿಗಿಡುತ್ತಾರೆ, ಉಳಿದುಕೊಳ್ಳುತ್ತೇವೆ.”

“ತೆರೆದ ಪುಸ್ತಕಕ್ಕೆ ಯಾರು ಕುಂಕುಮ ಇಡುತ್ತಾರೆ?” ಎಂದಿತು ರಟ್ಟು. “ನಾನು ಬಾಗಿದರೆ ನವಿಲಿನ ಕತ್ತು ಬಿರಿಯುತ್ತದೆ. ಅಷ್ಟಕ್ಕೂ ನಿಮ್ಮನ್ನು ನೋಡಿದವರು ಯಾರು?”

“ನೀನು ಮುಚ್ಚಿಕೊಂಡಿದ್ದರೆ ಹೇಗೆ ನೋಡುತ್ತಾರೆ?”

“ಹಬ್ಬದ ಹೊತ್ತಿನಲ್ಲಿ ವಾದ ಬೇಡ,” ಎಂದು ರಟ್ಟು ದಾರವನ್ನು ಬಿಗಿ ಹಿಡಿಯಿತು.

ಮುಂದಿನ ವರ್ಷ ಮೊಮ್ಮಗನ ಹೆಂಡತಿ ಗಿರಿಜಮ್ಮ ಪುಸ್ತಕ ಎತ್ತಿದಾಗ ಅಂಚಿನಿಂದ ಪೂಜೆಯ ಮಣೆ ಮೇಲೆ ಮಣ್ಣು ಸುರಿಯಿತು.

“ಏನ್ರೀ, ತಾತನ ಪುಸ್ತಕ ಹೂವಿನಷ್ಟು ಹಗುರ!” ಎಂದಳು.

“ದೊಡ್ಡವರ ಕೈಗುಣ ಕಣೇ,” ಎಂದು ಗಂಡ ಕೈಮುಗಿದ.

ಗಿರಿಜಮ್ಮ ಮಣೆ ಒರೆಸಿ, ನವಿಲಿಗೆ ಕುಂಕುಮ ಇಟ್ಟು, ಪುಸ್ತಕವನ್ನು ಪೆಟ್ಟಿಗೆಗೆ ಸೇರಿಸಿದಳು.

ಒಳಗಿನಿಂದ ಯಾರೂ ಅಣ್ಣಾ ಎನ್ನಲಿಲ್ಲ. ರಟ್ಟು ತಾನೇ ಮೆಲ್ಲಗೆ ಹಾಳೆಗಳನ್ನು ಕರೆದು ನೋಡಿತು.

ಗೆದ್ದಲು ಓಗೊಟ್ಟಿತು: “ಸಂಸಾರಕ್ಕೆ ಜಾಗ ಅನುಕೂಲವಾಗಿದೆ, ಅಣ್ಣಾ. ಹೀಗೇ ಮುಚ್ಚಿಕೊಂಡಿರು.”