ಬರುವ ಮೊದಲೇ ಹೊರಟ ಆಮೆ

ಕೆರೆದಂಡೆಯ ಲಾಡ್ಜಿನಲ್ಲಿ ಕೋಣೆ ಬೇಕಾದವರು ಅದರ ವೆಬ್‌ಸೈಟಿನಲ್ಲಿ ಎರಡು ತಾರೀಕು ತುಂಬಬೇಕಿತ್ತು: ತಲುಪುವ ದಿನ, ಹೊರಡುವ ದಿನ. ಮೊದಲನೆಯದನ್ನು ಗಿಳಿ ಪರೀಕ್ಷಿಸುತ್ತಿತ್ತು, ಎರಡನೆಯದನ್ನು ಗೊರವಂಕ. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೊಕ್ಕು ತೂರಿಸುತ್ತಿರಲಿಲ್ಲ.

ಮಂದಣ್ಣನೆಂಬ ಆಮೆ ತಂಗಿಯ ಮದುವೆಗೆಂದು ಫಾರಂ ತುಂಬಲು ಕೂತಿತು. ಮೂರನೇ ತಾರೀಕು ಮನೆ ಬಿಟ್ಟರೆ ಹನ್ನೆರಡಕ್ಕೆ ಮುಟ್ಟಬಹುದೆಂದು ಯೋಚಿಸಿ, ತಲುಪುವುದು ಹನ್ನೆರಡು, ಹೊರಡುವುದು ಮೂರು ಎಂದು ಬರೆಯಿತು.

"ಹನ್ನೆರಡು ಒಳ್ಳೆಯ ತಾರೀಕು" ಎಂದಿತು ಗಿಳಿ.

"ಮೂರಕ್ಕೇನು ಕೊರತೆ?" ಎಂದಿತು ಗೊರವಂಕ. ಕೋಣೆ ಖಾತ್ರಿಯಾಯಿತು.

ಒಂಬತ್ತು ದಿನ ನಡೆದು ಬಸವಳಿದ ಆಮೆ ಬಾಗಿಲಿಗೆ ಬಂದಾಗ, ಲಾಡ್ಜಿನ ಒಡೆಯ ಕೊಕ್ಕರೆ ಕತ್ತು ಕೊಂಕಿಸಿ, "ತಾವು ಮೂರನೇ ತಾರೀಕೇ ಕೋಣೆ ಖಾಲಿ ಮಾಡಿದ್ದೀರಿ. ಈಗ ಅಲ್ಲಿ ಮುಳ್ಳುಹಂದಿಯವರ ಸಂಸಾರವಿದೆ" ಎಂದಿತು.

"ಸ್ವಾಮೀ, ನಾನು ಬಂದದ್ದೇ ಈಗ! ಬಾರದವನು ಖಾಲಿ ಮಾಡುವುದು ಹೇಗೆ? ಮೂರಕ್ಕೆ ಹೊರಟದ್ದು ನಮ್ಮ ಮನೆಯಿಂದ!" ಎಂದು ಆಮೆ ಕಣ್ಣೀರಿಟ್ಟಿತು.

ಕೊಕ್ಕರೆ ಪರೀಕ್ಷಕರಿಬ್ಬರನ್ನೂ ಕರೆಸಿತು.

"ನನ್ನ ತಾರೀಕು ಸರಿಯಾಗಿತ್ತು" ಎಂದಿತು ಗಿಳಿ.

"ನನ್ನದೂ ಸರಿಯೇ" ಎಂದಿತು ಗೊರವಂಕ.

ಗೋಡೆಯ ಮೇಲೆ ಹೋಗುತ್ತಿದ್ದ ಇರುವೆ ನಿಂತು ಹೇಳಿತು: "ಇಬ್ಬರೂ ಸರಿ. ಆಮೆಯವರು ಮಾತ್ರ ಬೀದಿಯಲ್ಲಿ."

ಕೊಕ್ಕರೆ ಅಂದೇ ಆ ಇರುವೆಯನ್ನು ಗಿಳಿ ಗೊರವಂಕಗಳ ನಡುವೆ ಕೂರಿಸಿತು. ಎರಡೂ ತಾರೀಕುಗಳನ್ನು ಒಟ್ಟಿಗೆ ಓದುವುದಷ್ಟೇ ಅದರ ಕೆಲಸ. ಕೊಕ್ಕರೆ ಆಮೆಗೆ ತನ್ನ ಕೋಣೆಯನ್ನೇ ಬಿಟ್ಟುಕೊಟ್ಟು, ಮದುವೆ ಮುಗಿಯುವವರೆಗೂ ತಾನು ಅಂಗಳದಲ್ಲಿ ಒಂಟಿಕಾಲಲ್ಲಿ ನಿಂತಿತು.