ಬಿರುಕಿಗೆ ತುರುಕಿದ ಹತ್ತಿ

ಹಳೆಯ ಅತ್ತಿಮರವೊಂದರಲ್ಲಿ ಅಳಿಲಿನ ಪೊಟರೆಗೂ ಮಂಗಟ್ಟೆ ಹಕ್ಕಿಯ ಪೊಟರೆಗೂ ನಡುವೆ ಒಂದೇ ಗೋಡೆ, ಅದರಲ್ಲೊಂದು ಬಿರುಕು. ಮಂಗಟ್ಟೆ ತನ್ನ ಕುಲದ ಪದ್ಧತಿಯಂತೆ ರೆಕ್ಕೆಯ ಗರಿ ಉದುರಿಸಿಕೊಂಡು, ಬಾಗಿಲಿಗೆ ಒಂದು ಸಂದಿಯಷ್ಟೇ ಬಿಟ್ಟು ಮಣ್ಣು ಮೆತ್ತಿಕೊಂಡು, ಹಾರಲಾರದೆ ಮರಿಗಳೊಡನೆ ಒಳಗೇ ಕೂತಿತ್ತು. ಗಂಡ ಹಣ್ಣು ತಂದು ಆ ಸಂದಿಯಿಂದ ಕೊಟ್ಟಾಗಲೆಲ್ಲ ಒಳಗೆ ಗದ್ದಲವೋ ಗದ್ದಲ.

“ಅಕ್ಕಾ, ನಿಮ್ಮ ಗಲಾಟೆಗೆ ನನ್ನ ಕೂಸುಗಳು ಕಣ್ಣು ಮುಚ್ಚುತ್ತಿಲ್ಲ,” ಎಂದಿತು ಬಾಣಂತಿ ಅಳಿಲು.

“ಹಸಿದ ಮಕ್ಕಳ ಬಾಯಿ ಹೇಗೆ ಮುಚ್ಚಿಸಲಿ ತಂಗಿ? ಇನ್ನೊಂದು ತಿಂಗಳು ಸಹಿಸಿಕೋ,” ಎಂದಿತು ಮಂಗಟ್ಟೆ.

ಅಳಿಲಿಗೆ ಅಷ್ಟು ತಾಳ್ಮೆಯಿರಲಿಲ್ಲ. ಬೂರುಗದ ಹತ್ತಿ ತಂದು ಬಿರುಕಿಗೆ ಪದರ ಪದರವಾಗಿ ತುರುಕಿತು. ಸದ್ದಡಗಿತು. ಕೆಲವು ದಿನಗಳ ಮೇಲೆ ಗೋಡೆಯಾಚೆ ಕುಟ್ಟಿದಂತೆ ಕೇಳಿಸಿತು. ‘ಇವರ ಕಾಟ ಮುಗಿಯುವುದಿಲ್ಲ’ ಎಂದು ಇನ್ನೂ ಒಂದು ಹಿಡಿ ಒತ್ತಿತು. ಕೂಸುಗಳು ಸುಖವಾಗಿ ಮಲಗಿದವು.

ಒಂದು ಬೆಳಿಗ್ಗೆ ಗೊರವಂಕ ಹಕ್ಕಿ ಬಂದು ಹೇಳಿತು: “ಪಾಪ, ಮಂಗಟ್ಟೆಯ ಗಂಡ ಬಲೆಗೆ ಸಿಕ್ಕಿ ಸತ್ತು ಹದಿನೈದು ದಿನವಾಯಿತು. ಪಕ್ಕದಲ್ಲೇ ನೀನಿದ್ದೀಯಲ್ಲ, ಅವರಿಗೆ ಹಣ್ಣು ಕೊಡುತ್ತಿರುತ್ತೀ ಅಂದುಕೊಂಡೆವು.”

ಅಳಿಲು ಓಡಿಹೋಗಿ ಹತ್ತಿ ಕಿತ್ತಿತು. ಕೀಳಲು ಒಂದೇ ಹಿಡಿ ಉಳಿದಿತ್ತು. ಮಿಕ್ಕ ಪದರಗಳನ್ನೆಲ್ಲ ಆಚೆಯಿಂದ ಕಿತ್ತು ಹಾಕಿದ್ದ ಕೊಕ್ಕು, ಅಳಿಲು ಕಡೆಯಲ್ಲಿ ಒತ್ತಿದ್ದ ಆ ಹಿಡಿಯನ್ನು ಕಚ್ಚಿಕೊಂಡೇ ತಣ್ಣಗಾಗಿತ್ತು.