ಕಪ್ಪು ಕಂಡ ಕಡೆ

ಮೇ ತಿಂಗಳ ಒಂದು ಸಂಜೆ ಹೈದರಾಬಾದಿನಿಂದ ಹುಬ್ಬಳ್ಳಿಗೆ ಒಂದು ಸಣ್ಣ ವಿಮಾನ ಹೊರಟಿತ್ತು. ಅದರಲ್ಲಿ ಅರವತ್ತೆರಡು ಪ್ರಯಾಣಿಕರಿದ್ದರು. ಕ್ಯಾಪ್ಟನ್ ಮುತ್ತವ್ವ ಇಪ್ಪತ್ತು ವರ್ಷ ವಿಮಾನ ಹಾರಿಸಿದವರು. ಪಕ್ಕದಲ್ಲಿದ್ದ ಸಹಪೈಲಟ್ ಬಸಲಿಂಗ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು.

ಹುಬ್ಬಳ್ಳಿಯಲ್ಲಿ ಅಂದು ಬಸಲಿಂಗನ ತಂಗಿ ಶಾಂಭವಿಯ ಕುಬಸ, ಅಂದರೆ ಬಸುರಿಗೆ ಮಾಡುವ ಸೀಮಂತ. ಅಣ್ಣ ತಂದ ಹಸಿರು ಸೀರೆ ಉಟ್ಟು ಅವಳು ಮಣೆಯ ಮೇಲೆ ಕೂರಬೇಕಿತ್ತು. ಸೀರೆ ಅವನ ಚೀಲದಲ್ಲಿತ್ತು.

ದಾರಿಗೆ ಅಡ್ಡವಾಗಿ ಗುಡುಗಿನ ಮೋಡ ಎದ್ದಿತು. ವಿಮಾನದ ರೇಡಾರ್ ಅಲೆಗಳನ್ನು ಮುಂದಕ್ಕೆ ಕಳಿಸುತ್ತದೆ. ಅವು ಮಳೆಗೋ ನೆಲಕ್ಕೋ ತಗುಲಿ ಮರಳಿ ಬಂದರೆ ತೆರೆಯ ಮೇಲೆ ಬಣ್ಣ ಮೂಡುತ್ತದೆ. ಜೋರು ಮಳೆಗೆ ಕೆಂಪು. ಏನೂ ಮರಳಿ ಬರದಿದ್ದರೆ ಕಪ್ಪು.

"ಕೆಂಪು ಬರೇ ತೆಳ್ಳಗ ಒಂದು ಪಟ್ಟಿ ಅದರಿ ಮೇಡಂ," ಎಂದ ಬಸಲಿಂಗ. "ಅದರ ಹಿಂದ ಪೂರ್ತಿ ಕಪ್ಪು. ಒಂದು ನಿಮಿಷ ಅಲುಗಾಡ್ತದ, ದಾಟಿಬಿಡೂಣು. ಸುತ್ತಿ ಹೋದರ ಅರ್ಧ ತಾಸು ತಡ."

"ಸೀರೆಗೆ ಅವಸರವೋ, ನಿಮಗೋ?"

"ಇಬ್ಬರಿಗೂ ರಿ."

ಮುತ್ತವ್ವ ನಕ್ಕರು. "ಸರಿ. ರೇಡಾರನ್ನ ಸ್ವಲ್ಪ ಕೆಳಕ್ಕೆ ಬಾಗಿಸಿ. ನೆಲ ಕಾಣ್ತಾ?"

ಅವನು ಬಾಗಿಸಿದ. "ಎಡಕ್ಕ ನೆಲ ಅದ. ಬಲಕ್ಕೂ ಅದ."

"ನಿಮ್ಮ ಕಪ್ಪು ಜಾಗದಲ್ಲಿ?"

ಬಸಲಿಂಗ ತೆರೆಯನ್ನೇ ನೋಡಿದ. "ಇಲ್ಲರಿ."

"ಅಲ್ಲಿದ್ದ ನೆಲ ಎಲ್ಲಿಗೆ ಹೋಯ್ತು?"

ಅವನು ರೇಡಾರನ್ನು ಇನ್ನಷ್ಟು ಬಾಗಿಸಿ ನೋಡಿದ. ಕಪ್ಪು ಹಾಗೇ ಇತ್ತು.

"ಎದುರಿನ ಮಳೆ ಅಲೆಗಳನ್ನೆಲ್ಲ ನುಂಗಿದೆ. ಅದರಾಚೆ ಏನಿದೆ ಅಂತ ರೇಡಾರಿಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದಕ್ಕೆ ಅದರ ಹತ್ತಿರ ಬೇರೆ ಬಣ್ಣ ಇಲ್ಲ. ಇಂಧನ ಎಷ್ಟಿದೆ?"

"ಸುತ್ತಿ ಹೋಗಾಕ ಸಾಕು," ಎಂದ. ನಂತರ ತಾನೇ ನೆಲದ ಮೇಲಿನ ಕಂಟ್ರೋಲಿಗೆ ಕರೆ ಮಾಡಿ, ದಕ್ಷಿಣಕ್ಕೆ ತಿರುಗಲು ಅನುಮತಿ ಕೇಳಿದ.

ಹತ್ತು ನಿಮಿಷದ ಮೇಲೆ ಮೋಡವನ್ನು ಪಕ್ಕದಿಂದ ನೋಡುವಂತಾಯಿತು. ಮೊದಲು ಕಪ್ಪು ಕಂಡಿದ್ದ ಜಾಗ ಈಗ ತೆರೆಯ ಮೇಲೆ ಕೆಂಪಾಗಿತ್ತು. ಅದು ಆ ತೆಳ್ಳನೆಯ ಪಟ್ಟಿಗಿಂತ ನಾಲ್ಕು ಪಟ್ಟು ಅಗಲವಿತ್ತು.

ಇಳಿದ ಮೇಲೆ ಬಸಲಿಂಗ ತಂಗಿಗೆ ಫೋನ್ ಮಾಡಿದ.

"ಕುಬಸ ಮುಗೀತಣ್ಣ," ಎಂದಳು ಶಾಂಭವಿ. "ಅತ್ತಿ ಕೊಟ್ಟ ಸೀರಿ ಉಟ್ಟು ಕುಂತೆ."

"ಮಳಿ ಮೋಡ ಸುತ್ತಿ ಬಂದೀವಿ, ತಡ ಆತು. ನನ್ನ ಸೀರಿ?"

"ತಗೊಂಡು ಬಾ, ಉಡ್ತೀನಿ. ಅಲ್ಲಾ, ಮುಗಿಲಾಗೂ ಸುತ್ತು ಹಾದಿ ಅದ ಏನು?"

"ಅದ," ಎಂದ ಬಸಲಿಂಗ. "ಅದಕ್ಕ ಬಂದು ಮುಟ್ಟೇನಿ."

ನೀತಿ: ಅಪಾಯ ಕಾಣಿಸುತ್ತಿಲ್ಲ ಎಂದ ಮಾತ್ರಕ್ಕೆ ಅಪಾಯ ಇಲ್ಲವೆಂದಲ್ಲ. ಏನೂ ಕಾಣದ ಕಡೆ, ಅಲ್ಲಿ ಇರಲೇಬೇಕಾದದ್ದು ಕಾಣುತ್ತಿದೆಯೇ ಎಂದು ಮೊದಲು ನೋಡಿ. ಮನೆಯಲ್ಲಿ ಒಬ್ಬರು ಇದ್ದಕ್ಕಿದ್ದಂತೆ ಸುಮ್ಮನಾದಾಗಲೂ ಹಾಗೆಯೇ ಮಾಡಿ. ಅವರ ಎಂದಿನ ನಗು, ಎಂದಿನ ಜಗಳ ಎಲ್ಲಿ ಹೋಯಿತೆಂದು ಕೇಳಿ. ತಡವಾದರೂ ಚಿಂತೆಯಿಲ್ಲ, ಕೇಳಿಯೇ ಮುಂದೆ ಹೋಗಿ.